ದೊಡ್ಡವ್ವನ ಬೋಣಿ

ಮೊನ್ನೆ ಕೊರಿಯರ್‌ನವನು ಕೊಟ್ಟುಹೋದ ಡಬ್ಬಿ ಬಿಚ್ಚಿದೆ. ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹಳೆಯ ಸ್ಟೆತಸ್ಕೋಪಿನ ಕೊಳವೆ ಗಟ್ಟಿಯಾಗಿ, ಮಡಿಕೆಯಲ್ಲಿ ಬಿರುಕು ಬಿಟ್ಟು ತಿಂಗಳುಗಳೇ ಆಗಿದ್ದವು. ಗುಂಡ್ಲುಪೇಟೆಯ ನನ್ನ ಕ್ಲಿನಿಕ್ಕಿನ ಹೊರಗೆ ಆಗಲೇ ಜನ ಕೂತಿದ್ದರು. ಹೊಸದನ್ನು ಕೊರಳಿಗೆ ಹಾಕಿಕೊಂಡು ಮೊದಲನೆಯವರನ್ನು ಕರೆಯುವುದಷ್ಟೇ ಬಾಕಿ. ಕರೆಯಲು ಮನಸ್ಸು ಬರಲಿಲ್ಲ. ಅದಕ್ಕಿನ್ನೂ ಬೋಣಿ ಆಗಿರಲಿಲ್ಲವಲ್ಲ...

ಬೇಗೂರಿನ ನಮ್ಮ ಎದುರುಮನೆಯಲ್ಲಿ ದೊಡ್ಡವ್ವ ಇದ್ದಳು. ನಮಗೆ ನೆಂಟಳೇನಲ್ಲ, ಬೀದಿಗೆಲ್ಲ ದೊಡ್ಡವ್ವ. ಅರಿಸಿನದ ಹೊಲಕ್ಕೆ, ಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಚೆಂಡುಹೂವಿನ ಕಾಲದಲ್ಲಿ ಅವಳು ಕಾಣಿಸುವ ಮೊದಲೇ ಅವಳ ಕೈಯ ಘಾಟು ಬರುತ್ತಿತ್ತು. ಅದಕ್ಕೂ ಮೊದಲು ಅವಳ ಬಾಯಿ ಬರುತ್ತಿತ್ತು.

ನಾನು ಚಾಮರಾಜನಗರದಲ್ಲಿ ಡಾಕ್ಟರ್ ಓದುತ್ತಿದ್ದಾಗ ಆ ಬಾಯಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. ಹೂವಿನ ಮಂಕರಿ ಹೊತ್ತು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಎದೆ ಡವಡವ ಎನ್ನುತ್ತಿತ್ತಂತೆ. ಅವಳ ಅಕ್ಕ ಹಿಂದೆ ಎದೆ ಹಿಡಿದುಕೊಂಡು ಹೊಲದಲ್ಲೇ ಕುಸಿದು ತೀರಿಹೋಗಿದ್ದಳು. ತನ್ನದೂ ಅದೇ ಕಾಯಿಲೆ ಎಂದು ದೊಡ್ಡವ್ವ ತಾನೇ ತೀರ್ಮಾನ ಮಾಡಿಕೊಂಡಳು. ಆಸ್ಪತ್ರೆಗೆ ಬಾ ಎಂದರೆ ಸುತರಾಂ ಒಪ್ಪಲಿಲ್ಲ.

"ಅವ್ರು ಬಾಯ್ಬುಟ್ಟು ಯೋಳ್ಬುಟ್ರೆ ಅದು ನಿಜ ಆಗೋಯ್ತದೆ ಕಣಮ್ಮಿ. ಯೋಳ್ದೆ ಇದ್ರೆ ಇನ್ನೊಸಿ ದಿನ ತಳ್ಬೋದು."

ಹೀಗೆಂದವಳು ಪೆಟ್ಟಿಗೆ ತೆಗೆದು, ಒಳ್ಳೊಳ್ಳೆಯ ಸೀರೆಗಳನ್ನೆಲ್ಲ ಬೀದಿಯ ಹೆಂಗಸರಿಗೆ ಹಂಚಿಯೂಬಿಟ್ಟಳು. ನಮ್ಮವ್ವನ ಪಾಲಿಗೆ ಹಸಿರು ರೇಷ್ಮೆ ಬಂತು. ಕೊಟ್ಟವಳು ಎದುರುಮನೆ ಜಗಲಿಯ ಮೇಲೆ ಕೂತು ನೋಡುತ್ತಿರುವಾಗ ಅದನ್ನು ಉಡುವುದು ಹೇಗೆ? ಅವ್ವ ಪಾಪ ಒದ್ದಾಡಿಹೋದಳು.

ರಜೆಗೆ ಬಂದ ನಾನು ಒಂದು ಉಪಾಯ ಹೂಡಿದೆ. ಸ್ಟೆತಸ್ಕೋಪು ಕೊಳ್ಳಬೇಕು, ಚೌಕಾಸಿ ಮಾಡಲು ನೀನು ಬಾ ಎಂದೆ. ಚೌಕಾಸಿ ಎಂದರೆ ಸಾವನ್ನೂ ಆಚೆ ವಾರಕ್ಕೆ ತಳ್ಳುವ ಹೆಂಗಸು ಅವಳು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋದೆವು. ಆಸ್ಪತ್ರೆಯ ಎದುರಿಗೇ ಅಂಗಡಿ ಇತ್ತು.

ಅಂಗಡಿಯವರು ಗಾಜಿನ ಮೇಜಿನ ಮೇಲೆ ಸ್ಟೆತಸ್ಕೋಪುಗಳನ್ನು ಸಾಲಾಗಿ ಹರಡಿದರು. ಕಿವಿಯ ಬಿರಡೆ ಮೆತ್ತಗಿದ್ದು ಕಿವಿಯನ್ನು ಸರಿಯಾಗಿ ಮುಚ್ಚಬೇಕು, ಕೊಳವೆ ದಪ್ಪಗಿರಬೇಕು, ಎರಡು ಕೊಳವೆ ಒಂದಕ್ಕೊಂದು ಉಜ್ಜಿಕೊಂಡರೆ ಆ ಸದ್ದೇ ಕೇಳುತ್ತದೆ ಎಂದೆಲ್ಲ ಕಾಲೇಜಿನಲ್ಲಿ ದೊಡ್ಡವರು ಹೇಳಿಕೊಟ್ಟಿದ್ದರು. ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಇದ ಮಡಗೋದು ನಮ್ಮ ಮೈ ಮೇಲೆ ತಾನೆ? ನಾನ್ ನೋಡ್ತೀನಿ ತಾ."

ಒಂದೊಂದರ ಬಿಲ್ಲೆಯನ್ನೂ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಒಂದಕ್ಕೆ, ತಣ್ಣೀರು ಸುರಿದಂಗಾಯ್ತು ಎಂದು ಮುಖ ಸಿಂಡರಿಸಿದಳು. ಅಂಚಿಗೆ ರಬ್ಬರ್ ಬಳೆ ಇದ್ದ ಕರಿಯದು ಪರವಾಗಿಲ್ಲವಂತೆ. ನನಗೂ ಅದೇ ಹಿಡಿಸಿತ್ತು. ಅಷ್ಟರಲ್ಲಿ ಅವಳ ಕಣ್ಣು ಮೂಲೆಯ ಕೆಂಪು ಬಣ್ಣದ್ದರ ಮೇಲೆ ಬಿತ್ತು. ಅದು ತೀರಾ ಕಳಪೆ ಮಾಲು ಎಂದು ಅಂಗಡಿಯವರೇ ಹೇಳಿದರೂ ಬಿಡಲೊಲ್ಲಳು. "ಕೆಂಪ್ಗದೆ, ನಿನ್ಗೆ ಒಪ್ತದೆ" ಎಂದು ಒಂದೇ ಹಟ. ಅವಳನ್ನು ಕರಿಯದಕ್ಕೆ ಒಪ್ಪಿಸುವಷ್ಟರಲ್ಲಿ ನನಗೂ ಅಂಗಡಿಯವರಿಗೂ ಸಾಕುಸಾಕಾಯಿತು.

ಕೇಳಿ ನೋಡದೆ ಕೊಳ್ಳುವುದು ಹೇಗೆ, ಒಂದು ಎದೆ ಬೇಕಲ್ಲ ದೊಡ್ಡವ್ವ ಎಂದೆ. ಅವಳಿಗೆ ನನ್ನ ಉಪಾಯ ಗೊತ್ತಾಗಿಹೋಯಿತು. ಸೆರಗನ್ನು ಬಿಗಿಯಾಗಿ ಹೊದ್ದು, "ಮೊದ್ಲು ನಿಂದು" ಅಂದಳು. ಕಿವಿಗೆ ಸಿಕ್ಕಿಸಿಕೊಂಡು ಬಿಲ್ಲೆಯನ್ನು ನನ್ನ ಎದೆಗೆ ಒತ್ತಿದಳು.

"ನಿನ್ನ ಎದೇಲಿ ಏನೂ ಇಲ್ವಲ್ಲ ಕಣಮ್ಮಿ."

ಅಂಗಡಿಯವರು ನಗು ತಡೆಯಲಾರದೆ, "ಉಲ್ಟಾ ಹಾಕ್ಕಂಡಿದ್ದೀರ ಕಣಮ್ಮ, ಬಿರಡೆ ಮುಂದ್ಕೆ ಬಗ್ಗಿರಬೇಕು" ಎಂದು ತಿರುಗಿಸಿ ಹಾಕಿದರು. ಅವಳ ಕಣ್ಣು ಅಗಲವಾಯಿತು. ಬಹಳ ಹೊತ್ತು ಕೇಳಿದಳು.

"ತಮಟೆ ಬಡ್ದಂಗೆ ಬಡೀತದಲ್ಲ... ಎದ್ರುಕೊಂಡಿದ್ದೀಯಾ?"

"ಹೂಂ ದೊಡ್ಡವ್ವ."

"ನನ್ಗೋಸ್ಕರವಾ?"

ಹೌದೆಂದು ತಲೆಯಾಡಿಸಿದೆ. ಅವಳು ತಾನೇ ಅದನ್ನು ಕಿವಿಯಿಂದ ಬಿಡಿಸಿ ನನ್ನ ಕೈಗಿಟ್ಟು, ಸೆರಗು ಸಡಿಲಿಸಿದಳು. "ನೋಡ್ಬುಡು. ಏನಿದ್ರೂ ನೀನೇ ಯೋಳು."

ಕೇಳಿದೆ. ಸ್ವಲ್ಪ ಬಿರುಸು, ಆದರೆ ರಾಗಿ ಕುಟ್ಟುವ ಒನಕೆಯ ಹಾಗೆ ಒಂದೇ ಹದ. ನನ್ನ ವಿದ್ಯಾರ್ಥಿ ಕಿವಿಯನ್ನು ನಂಬದೆ, ಅದನ್ನು ಕೊಂಡು ಅವಳನ್ನು ರಸ್ತೆ ದಾಟಿಸಿ ನಮ್ಮ ಮೇಷ್ಟ್ರ ಹತ್ತಿರ ಕರೆದೊಯ್ದೆ. ಅವರೂ ಕೇಳಿದರು, ಇಸಿಜಿ ಮಾಡಿಸಿದರು, ರಕ್ತ ನೋಡಿಸಿದರು. ಗುಂಡಿಗೆಗೆ ಏನೂ ಆಗಿಲ್ಲ, ರಕ್ತ ಕಡಿಮೆ ಅಷ್ಟೆ, ಮಾತ್ರೆ ತಗೊಂಡರೆ ಸರಿಹೋಗುತ್ತದೆ ಎಂದರು. "ಗುಂಡ್ಗೆ ಸರ್ಯಾಗೇ ಅದಾ ಸಾ?" ಎಂದು ಮತ್ತೆ ಮತ್ತೆ ಕೇಳಿ ಅವರಿಗೂ ತಲೆ ಚಿಟ್ಟು ಹಿಡಿಸಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಅವಳ ಗುಂಡಿಗೆಯ ಸುದ್ದಿ ತಿಳಿಯಿತು. ಕಂಡಕ್ಟರಿಗೂ ತಿಳಿಯಿತು. ಮರುದಿನ ಬೆಳಿಗ್ಗೆ ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ಸಾಯ್ನಿಲ್ವಲ್ಲ, ಸೀರೆ ಕೊಡು" ಎಂದು ಕೈ ಚಾಚಿದಳು. ಒಬ್ಬಳು ಆಗಲೇ ಹರಿದು ಮಗುವಿಗೆ ತೊಟ್ಟಿಲು ಕಟ್ಟಿಬಿಟ್ಟಿದ್ದಳು. ಅಲ್ಲಿ ನಡೆದ ಜಗಳ ಇಡೀ ಬೀದಿಗೆ ಕೇಳಿಸಿತು. ದೊಡ್ಡವ್ವನ ಬಾಯಿ ಮೊದಲಿನ ಹಾಗೇ ಆಗಿತ್ತು, ನಮಗೆಲ್ಲ ಎಷ್ಟು ಖುಷಿಯಾಯಿತೆಂದರೆ ಯಾರೂ ಬಿಡಿಸಲು ಹೋಗಲಿಲ್ಲ.

ಅಂದಿನಿಂದ ನನ್ನ ಪ್ರತಿ ಹೊಸ ಸ್ಟೆತಸ್ಕೋಪಿನ ಬೋಣಿ ಅವಳದೇ ಆಯಿತು. "ಮೊದ್ಲು ಅದ್ಕೆ ಒಳ್ಳೇದು ಕೇಳುಸ್ಬೇಕು ಕಣಮ್ಮಿ. ಆಮ್ಯಾಕೆ ಕಾಯ್ಲೆ ಕೇಳ್ಕೊಂಡ್ರಾಯ್ತು" ಎನ್ನುತ್ತಿದ್ದಳು. ನಾನೂ ಪೆಟ್ಟಿಗೆ ಬಿಚ್ಚದೆ ಬೇಗೂರಿಗೆ ಒಯ್ಯುತ್ತಿದ್ದೆ. ಅವಳು ಕೆನ್ನೆಗೆ ಒತ್ತಿ ತಣ್ಣಗಿದೆಯೇ ನೋಡಿ, ಆಮೇಲೆ ಗತ್ತಿನಿಂದ ಕೂರುತ್ತಿದ್ದಳು.

ಹೋದ ವರ್ಷ ಚೆಂಡುಹೂವಿನ ಕಾಲ ಮುಗಿಯುತ್ತಿದ್ದಂತೆ ಜ್ವರ ಬಂದು ದೊಡ್ಡವ್ವ ಹೋದಳು. ತುಂಬಾ ಅತ್ತೆ. ಡಾಕ್ಟರಾದವಳು ಹಾಗೆ ಅಳಬಾರದೆಂದು ಯಾರೋ ಅಂದರು, ಅನ್ನಲಿ. ಆ ಹಸಿರು ರೇಷ್ಮೆ ಮತ್ತೆ ನಮ್ಮವ್ವನಿಗೇ ಬಂತು, ಅವಳೇ ಹೇಳಿಹೋಗಿದ್ದಳಂತೆ. ಅವ್ವ ಈಗ ಅದನ್ನು ಉಡುತ್ತಾಳೆ.

ಮೊನ್ನೆ ಕ್ಲಿನಿಕ್ಕಿನಲ್ಲಿ ಕುರ್ಚಿಯಿಂದ ಎದ್ದು ಬಾಗಿಲು ಹಾಕಿಕೊಂಡೆ. ಬಿಲ್ಲೆಯನ್ನು ಕೆನ್ನೆಗೆ ಒತ್ತಿದೆ, ಅಷ್ಟೇನೂ ತಣ್ಣಗಿರಲಿಲ್ಲ. ಬಿರಡೆಗಳನ್ನು ಮುಂದಕ್ಕೆ ಬಗ್ಗಿಸಿ ಹಾಕಿಕೊಂಡು ನನ್ನ ಎದೆಗೇ ಇಟ್ಟುಕೊಂಡೆ. ತಮಟೆ ಬಡಿಯುತ್ತಿತ್ತು. ಎದ್ರುಕೊಂಡಿದ್ದೀಯಾ ಎಂದು ಅವಳು ಕೇಳಿದಂತಾಯಿತು...

ಇಲ್ಲ ದೊಡ್ಡವ್ವ, ನೀನು ನೆನಪಾದೆ, ಅಷ್ಟೆ.

ಕಣ್ಣೊರೆಸಿಕೊಂಡು, ಬಾಗಿಲು ತೆಗೆದು, ಮೊದಲನೆಯವರನ್ನು ಕರೆದೆ.