ಶ್ರಾವಣದ ರಂಜಾನ್

ಗುಬ್ಬಿಯ ಹತ್ತಿರದ ಊರು ನಮ್ಮದು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಅಂಥ ಮನೆಯ ಹುಡುಗಿ ತುಮಕೂರಿನಲ್ಲಿ ಬಿ.ಎ. ಮುಗಿಸಿ ಬಂದು, ಇಸ್ಲಾಮಿಕ್ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ, ಅದಕ್ಕೊಂದು ಪ್ರವೇಶ ಪರೀಕ್ಷೆ ಇದೆ ಎಂದಾಗ ಅಪ್ಪ ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು.

"ಅದನ್ನ ಓದಿ ಏನವ್ವಾ ಮಾಡ್ತೀಯ?"

"ತಿಳ್ಕೊತೀನಿ."

"ತಿಳ್ಕೊಂಡು?"

ಉತ್ತರವಿಲ್ಲದಾಗ ನನಗೆ ಕೋಪ ಬರುತ್ತದೆ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಕೊನೆಗೆ ಅಪ್ಪನೇ ಇಳಿದು ಬಂದರು. ಒಂದೇ ಸಲ ಬರೆಯುವುದು. ಸೀಟು ಸಿಕ್ಕರೆ ಹೋಗುವುದು, ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ತುಮಕೂರಿನಲ್ಲಿ ಬಿ.ಎಡ್. ಸೇರುವುದು.

ಈ ಹುಚ್ಚು ಹಚ್ಚಿದ್ದು ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕುಣಿಗಲ್ಲಿನ ಗೆಳತಿ. ಕೊನೆಯ ವರ್ಷ ಶ್ರಾವಣ ಮಾಸವೂ ಅವರ ರಂಜಾನ್ ತಿಂಗಳೂ ಒಟ್ಟಿಗೇ ಬಂದಿದ್ದವು. ಶ್ರಾವಣ ಶನಿವಾರ ನನಗೆ ಒಪ್ಪತ್ತು, ಅವಳಿಗೆ ತಿಂಗಳಿಡೀ ರೋಜಾ. ಮಿಕ್ಕವರೆಲ್ಲ ಡಬ್ಬಿ ಬಿಚ್ಚುವಾಗ ನಾವಿಬ್ಬರು ಹೊರಗೆ ಹೊಂಗೆ ಮರದ ಕೆಳಗೆ ಕೂತು, ಹಸಿವು ಮರೆಯಲು ಮಾತಾಡುತ್ತಿದ್ದೆವು. ನೀವು ಯಾಕೆ ಹೀಗೆ, ನಾವು ಯಾಕೆ ಹಾಗೆ ಎಂದು ನಾನು ಕೇಳಿದ್ದಕ್ಕೆಲ್ಲ ಅವಳಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. "ನಮ್ ತಾತನ್ನ ಕೇಳ್ಬೇಕು ಕಣೇ," ಎನ್ನುತ್ತಿದ್ದಳು. ಪರೀಕ್ಷೆ ಮುಗಿದ ಕೂಡಲೇ ಅವಳು ಮದುವೆಯಾಗಿ ದೂರ ಹೋದಳು. ತಾತ ಉಳಿದರು.

ಯುಗಾದಿ ಕಳೆದ ಮೇಲೆ ಆ ತಾತನನ್ನು ಹುಡುಕಿಕೊಂಡು ಕುಣಿಗಲ್ಲಿಗೆ ಹೋದೆ. ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಚಹಾ ಕೊಟ್ಟು, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಯಾಕೆ ಎಂದು ಮಾತ್ರ ಕೇಳಲಿಲ್ಲ. ಹಾಗೆ ಕೇಳದ ಮೊದಲ ಮನುಷ್ಯ ಅವರು.

"ಈಗ್ಲೇ ನಾನ್ ಹೇಳಿದ್ರೆ ನೀವು ಸುಮ್ನೆ ತಲೆ ಆಡಿಸ್ತೀರಿ ಬೇಟಿ. ಮೊದ್ಲು ಓದಿ. ರಂಜಾನ್ ಹಿಂದಿನ ತಿಂಗ್ಳು ಬನ್ನಿ, ಪೂರಾ ತಿಂಗ್ಳು ನಿಮ್ದೇ. ಜಗಳ ಆಡೋಕೆ ರೆಡಿ ಆಗಿ ಬನ್ನಿ. ರಂಜಾನಿಗೆ ನಾನು ಗುಲ್ಬರ್ಗಾದಲ್ಲಿರೋ ಮಗಳ ಮನೆಗೆ ಹೋದ್ರೆ ಬಕ್ರೀದ್ ಆದ್ಮೇಲೇ ವಾಪಸ್."

ತುಮಕೂರಿನ ಲೈಬ್ರರಿಯಿಂದ ಪುಸ್ತಕ ತಂದು ಓದಲು ಕೂತೆ. ಖಲೀಫರು, ನಾಲ್ಕು ನ್ಯಾಯಪಂಥಗಳು, ಪ್ರವಾದಿಯ ನುಡಿಗಳಾದ ಹದೀಸ್‌ಗಳನ್ನು ಸೋಸಿದ ಬಗೆ. ಅರ್ಥವಾಗದ ಕಡೆಯಲ್ಲೆಲ್ಲ ಹಳೆಯ ಕ್ಯಾಲೆಂಡರ್ ಹರಿದು ಚೀಟಿ ಇಡುತ್ತಿದ್ದೆ, ಪುಸ್ತಕಗಳು ಊದಿಕೊಂಡವು. ಕೇಳಲು ಯಾರೂ ಇಲ್ಲದಿರುವುದು ಎಂಥ ಕಷ್ಟವೆಂದು ಆಗ ಗೊತ್ತಾಯಿತು. ಅಮ್ಮ ಕರೆದರೆ ಏಳುತ್ತಿದ್ದೆ, ರಾಗಿ ಬೀಸಿಸಿಕೊಂಡು ಬರುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ದಾರಿಯಲ್ಲಿ ಸಿಕ್ಕವರು, "ಏನವ್ವಾ, ಸಾಬರ ಪರೀಕ್ಷೆ ಎಲ್ಲೀಗಂಟ ಬಂತು?" ಎಂದು ನಗುತ್ತಿದ್ದರು. ಕೆಟ್ಟ ಮನಸ್ಸಿನ ನಗೆಯೇನಲ್ಲ. ಆದರೂ ಮನೆಗೆ ಬಂದು ಅಳುತ್ತಿದ್ದೆ. ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಇರಲಿಲ್ಲ. ಕುಣಿಗಲ್ಲಿನ ಆ ಒಂದು ತಿಂಗಳಿಗಾಗಿ ಕಾದೆ.

ಆ ವರ್ಷ ಅಧಿಕ ಮಾಸ ಬಿದ್ದಿತ್ತು. ಜ್ಯೇಷ್ಠ ಎರಡು ಸಲ. ಅಕ್ಕ ಭಾವನನ್ನು ಕರೆಸಿ ಅಮ್ಮ ಒಬ್ಬಟ್ಟು ಮಾಡಿ ಬಾಗಿನ ಕೊಟ್ಟಳು. ನಾನು ಪಂಚಾಂಗ ನೋಡಿ ಲೆಕ್ಕ ಹಾಕಿದೆ. ಹೋದ ವರ್ಷ ಶ್ರಾವಣದಲ್ಲಿ ರಂಜಾನ್. ಅದರ ಹಿಂದಿನ ತಿಂಗಳು ಆಷಾಢ. ಈ ಸಲ ಒಂದು ತಿಂಗಳು ಹೆಚ್ಚಾಗಿದೆಯಾದ್ದರಿಂದ ಎಲ್ಲವೂ ತಡ. ಗೋಡೆಯ ಕ್ಯಾಲೆಂಡರಿನಲ್ಲಿ ರಂಜಾನ್ ರಜೆ ಅಚ್ಚಾಗಿತ್ತು, ಕತ್ತೆತ್ತಿ ನೋಡಲಿಲ್ಲ. ಪಂಚಾಂಗ ಬಲ್ಲವಳಿಗೆ ಕ್ಯಾಲೆಂಡರ್ ಯಾಕೆ ಎಂಬ ಜಂಬ. ಅವರದೂ ಚಂದ್ರನ ಲೆಕ್ಕವೆಂದು ಪುಸ್ತಕ ಹೇಳಿತ್ತು. ನಮ್ಮದೂ ಚಂದ್ರನ ಲೆಕ್ಕವೇ ತಾನೆ?

ಅಮಾವಾಸ್ಯೆ ಕಳೆಯಲಿ ಎಂದಳು ಅಮ್ಮ. ಕಳೆದು ಆಷಾಢ ಹುಟ್ಟಿದ ಎರಡು ಮೂರು ದಿನಕ್ಕೆ ಪುಸ್ತಕಗಳ ಚೀಲ ಹೊತ್ತು ಹೊರಟೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್ ತಲುಪಿದರೆ ಮೇಷ್ಟ್ರ ಬಾಗಿಲಿಗೆ ಬೀಗ.

ಪಕ್ಕದ ಮನೆಯಾಕೆ ಹೊರಗೆ ಬಂದರು. "ರೋಜಾ ಶುರು ಆಯ್ತಲ್ಲಮ್ಮಾ. ಚಾಂದ್ ಕಾಣೋ ಮುಂಚೇನೇ ಮಗಳ ಊರಿಗೆ ಹೋದ್ರು."

"ರಂಜಾನ್ ಶ್ರಾವಣಕ್ಕಲ್ವಾ?"

ಆಕೆ ನನ್ನ ಮುಖವನ್ನೇ ನೋಡಿದರು. "ಅದು ಪ್ರತಿ ವರ್ಷ ಹಿಂದಕ್ಕೆ ಬರ್ತದಲ್ಲಮ್ಮಾ."

ಜಗಲಿಯ ಮೇಲೆ ಚೀಲ ಇಳಿಸಿದೆ. ಅವರಿಗೆ ಅಧಿಕ ಮಾಸವೆಂಬುದೇ ಇಲ್ಲ. ವರ್ಷಕ್ಕೆ ಹನ್ನೆರಡು ತಿಂಗಳು, ಅಷ್ಟೆ. ಮಳೆಗಾಲಕ್ಕೆ ಹಬ್ಬ ಸರಿಹೊಂದಲಿ ಎಂದು ಒಂದು ತಿಂಗಳನ್ನು ನಡುವೆ ತುರುಕುವುದಿಲ್ಲ. ನಮ್ಮ ಎರಡನೇ ಜ್ಯೇಷ್ಠ ಮುಗಿದದ್ದೇ ಅವರಿಗೆ ರಂಜಾನ್. ಅಷ್ಟು ಪುಸ್ತಕ ಓದಿದವಳ ತಲೆಯಲ್ಲಿ ಕೂತಿದ್ದದ್ದು ಮಾತ್ರ ನಮ್ಮ ಮನೆಯ ಪಂಚಾಂಗ! ನನ್ನ ಮೇಲೆ ನನಗೇ ಬಂದ ಸಿಟ್ಟು ಇಷ್ಟಿಷ್ಟಲ್ಲ. ಚೀಲ ಹೊತ್ತು ವಾಪಸು ಬಂದೆ. ಮನೆಯಲ್ಲಿ, ಮೇಷ್ಟ್ರು ಸಿಕ್ಕಿದ್ದರು ಎಂದು ಸುಳ್ಳು ಹೇಳಿದೆ.

ಆಮೇಲೆ ಒಂದೊಂದೇ ಚೀಟಿ ತೆಗೆಯುತ್ತಾ ಹೋದೆ. ಒಂದು ಪುಸ್ತಕದ ಗಂಟನ್ನು ಇನ್ನೊಂದರಿಂದ ಬಿಡಿಸಿಕೊಂಡೆ. ಗೌರಿ ಗಣೇಶ ಮುಗಿದ ಮೇಲೆ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಇಸ್ಲಾಮಿನ ಹಬ್ಬಗಳು ಎಲ್ಲ ಋತುಗಳಲ್ಲೂ ಸುತ್ತಿ ಬರುವುದೇಕೆ ಎಂದು ಒಂದು ಪ್ರಶ್ನೆ ಇತ್ತು. ಕುಣಿಗಲ್ಲಿನ ಬೀಗ ಕಣ್ಣ ಮುಂದೆ ಬಂತು. ಅಲ್ಲಿಂದ ಪೆನ್ನು ಎತ್ತದೆ ಬರೆದೆ.

ಸೀಟು ಸಿಕ್ಕಿತು. ಅಪ್ಪ "ಹೋಗು ಮತ್ತೆ" ಎಂದರು, ಅಷ್ಟೆ. ಸಂತೋಷಪಡುವವರು ಯಾರೂ ಇರಲಿಲ್ಲವಾದ್ದರಿಂದ ಸಂತೋಷ ಕೂಡ ಒಬ್ಬಳದೇ ಆಯಿತು.

ಬಕ್ರೀದ್ ಕಳೆದ ಮೇಲೆ ಕುಣಿಗಲ್ಲಿಗೆ ಹೋದೆ. ಈ ಸಲ ಕ್ಯಾಲೆಂಡರ್ ನೋಡಿಯೇ ಹೋದೆ. ಮೇಷ್ಟ್ರು ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದರು.

"ಪೂರಾ ತಿಂಗ್ಳು ಕಾದೆ ಬೇಟಿ. ತುಮ್ಕೂರ್ ಬಸ್ ಬರೋ ಹೊತ್ಗೆ ಎರಡನೇ ಕುರ್ಚಿ ಹಾಕಿ, ಚಾಯ್‌ಗೆ ನೀರಿಡ್ತಿದ್ದೆ. ಮನೇಲಿ ಬೇಡ ಅಂದಿರ್ಬೇಕು ಅನ್ಕೊಂಡೆ. ರಿಟೈರ್ ಆದ್ಮೇಲೆ ಓದ್ಬೇಕು ಅಂತ ಬಂದವ್ರು ನೀವೊಬ್ಬರೇ."

ಪಂಚಾಂಗದ ಕತೆ ಹೇಳಿದೆ. ಅವರು ನಗಲಿಲ್ಲ. ನಾನು ನಮ್ಮ ಹಜಾರದಲ್ಲಿ ಒಬ್ಬಳೇ ಕೂತು, ಆ ತಿಂಗಳು ಬರಲಿ ಎಂದು ಕಾಯುತ್ತಿದ್ದ ದಿನಗಳೇ ಆ ತಿಂಗಳಾಗಿದ್ದವು. ಇಲ್ಲಿ ಇವರೂ ಒಬ್ಬರೇ ಬಾಗಿಲು ನೋಡುತ್ತಿದ್ದರು.

ಅವರು ಒಳಗಿನಿಂದ ಎರಡನೇ ಕುರ್ಚಿ ತಂದರು. "ಕೇಳೋದು ಏನಾದ್ರೂ ಉಳಿದಿದ್ರೆ ಕೇಳಿ."

ಏನೂ ಉಳಿದಿರಲಿಲ್ಲ. ಪುಸ್ತಕಗಳು ಲೈಬ್ರರಿಗೆ ಹಿಂದಿರುಗಿದ್ದವು, ಚೀಟಿಗಳೆಲ್ಲ ಒಲೆಗೆ ಹೋಗಿದ್ದವು. ಆದರೂ ನಾನು ಮೊದಲ ಚೀಟಿಯ ಪ್ರಶ್ನೆಯನ್ನೇ, ಉತ್ತರ ಗೊತ್ತಿಲ್ಲದವಳ ಹಾಗೆ ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು ಹೇಳತೊಡಗಿದರು.