ಆಯುಧ ಪೂಜೆಯ ದಿನ ತೊಳೆದ ಟ್ಯಾಂಕು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಕೊಳಕು ಟ್ಯಾಂಕ್ ಇದೆ. ಯುದ್ಧಕ್ಕೆ ಹೋಗುತ್ತದಲ್ಲ, ಆ ಟ್ಯಾಂಕಿನ ಪುಟ್ಟ ನಮೂನೆ. ಪ್ಲಾಸ್ಟಿಕ್ಕಿನದು, ಒಂದು ಗೇಣುದ್ದ. ಅದರ ಚಕ್ರಗಳ ಸಂದಿಯಲ್ಲಿ ಮಣ್ಣಿದೆ, ತೋಪಿನ ಬಾಯಿಗೆ ಮಸಿ ಹಿಡಿದಿದೆ, ಪಕ್ಕದ ತಗಡಿನ ಮೇಲೆ ತುಕ್ಕು ಇಳಿದಿದೆ. ಮನೆಗೆ ಬಂದವರು "ಇದನ್ನೊಂದು ಸಲ ಒರೆಸಬಾರ್ದಾ ಟೀಚರ್?" ಎನ್ನುತ್ತಾರೆ. ಒರೆಸುವುದಿಲ್ಲ. ಆ ಕೊಳೆಯನ್ನು ನಾನೇ ಕೈಯಾರೆ ಎರಡು ಸಲ ಮೆತ್ತಿದ್ದೇನೆ. ಮೊದಲನೆಯದು ಕಲಿಯುವುದಕ್ಕೆ, ಎರಡನೆಯದು ಹಟಕ್ಕೆ.

ಕಾಲು ಮುರಿಯದಿದ್ದರೆ ನಾನು ಈ ಉಸಾಬರಿಗೆ ಹೋಗುತ್ತಿರಲಿಲ್ಲ. ಮಾಲೇಕಲ್ಲು ಬೆಟ್ಟದ ಅಷ್ಟೂ ಮೆಟ್ಟಿಲು ಹತ್ತಿ, ವೆಂಕಟರಮಣನಿಗೆ ಕೈ ಮುಗಿದು, ಇಳಿಯುವಾಗ ಇನ್ನು ಹತ್ತೇ ಮೆಟ್ಟಿಲು ಎನ್ನುವಷ್ಟರಲ್ಲಿ ಜಾರಿ ಬಿದ್ದೆ. ಆರು ವಾರ ಪ್ಲಾಸ್ಟರು. ಅರಸೀಕೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತುಕೊಂಡೇ ಗಣಿತ ಹೇಳಿಕೊಟ್ಟವಳಿಗೆ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಫೋನ್ ನೋಡುವುದೊಂದೇ ಕೆಲಸವಾಯಿತು. ಹಾಗೆ ನೋಡುತ್ತಿರುವಾಗ ಯಾವನೋ ಒಬ್ಬ ಸಣ್ಣ ಟ್ಯಾಂಕೊಂದಕ್ಕೆ ಬ್ರಷ್ಷಿನಿಂದ ಕೆಸರು ಹಚ್ಚುತ್ತಿರುವ ವಿಡಿಯೋ ಬಂತು. ಹೊಚ್ಚ ಹೊಸದನ್ನು ಹಳೆಯದು ಮಾಡುತ್ತಿದ್ದ. ಮೂರು ಸಲ ನೋಡಿದೆ. ನಾಲ್ಕನೇ ಸಲ ನೋಡುವ ಬದಲು, ಬಿಡಿ ತುಂಡುಗಳನ್ನು ಜೋಡಿಸಿ ಅಂಥದೇ ಟ್ಯಾಂಕು ಮಾಡುವ ಒಂದು ಕಿಟ್ ತರಿಸಿಕೊಂಡೆ.

ಡಬ್ಬಿ ಬಂದ ದಿನ ಮನೆಯಲ್ಲಿ ಒಳ್ಳೆಯ ತಮಾಷೆಯಾಯಿತು. ನನ್ನ ಗಂಡ ರೈಲ್ವೆಯಲ್ಲಿ ಮೆಕ್ಯಾನಿಕ್. "ಟ್ಯಾಂಕಾ? ಮೇಲೆ ನೀರಿನ ಟ್ಯಾಂಕ್ ಸೋರ್ತಾ ಇದೆ, ಮೊದ್ಲು ಅದಕ್ಕೊಂದು ದಾರಿ ನೋಡೋಣ ಕಣೇ" ಎಂದರು. ಹಾರನಹಳ್ಳಿಯಿಂದ ಬಂದು ನಮ್ಮ ಜೊತೆಗೇ ಇರುವ ಅತ್ತೆ ಡಬ್ಬಿಯ ಮೇಲಿನ ಚಿತ್ರವನ್ನು ದೂರ ಹಿಡಿದು ನೋಡಿದರು.

"ಇದು ಗಂಡುಡುಗ್ರು ಆಟದ ಸಾಮಾನಲ್ವೇನೇ? ಕುಂತಿರೋಕೆ ಬೇಜಾರಾದ್ರೆ ಉಲ್ಲನ್ ಹಾಕು, ಬಾಗ್ಲಿಗೊಂದು ತೋರಣನಾದ್ರೂ ಆಯ್ತದೆ."

ಅದೇ ನನಗೆ ಬೇಡವಾಗಿತ್ತು. ಬಾಗಿಲಿಗೆ ಆಗುವುದು, ಒಲೆಗೆ ಆಗುವುದು, ಯಾರಿಗೋ ಯಾವುದಕ್ಕೋ ಆಗುವುದು. ನಾನು ಮಾಡಿದ ಯಾವುದೂ ಒಂದು ದಿನಕ್ಕಿಂತ ಹೆಚ್ಚು ಉಳಿದದ್ದಿಲ್ಲ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಮುಂದಿನ ಪೀರಿಯಡ್ಡಿನವರು ಒರೆಸುತ್ತಾರೆ. ಸಾರು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬೆಳಗಿನ ರಂಗೋಲಿಯ ಮೇಲೆ ಎಂಟು ಗಂಟೆಗೆ ಸ್ಕೂಟರ್ ಹರಿಯುತ್ತದೆ. ಇದನ್ನು ದೂರು ಎಂದು ಹೇಳುತ್ತಿಲ್ಲ, ಹೇಗಿದೆಯೋ ಹಾಗೆ ಹೇಳುತ್ತಿದ್ದೇನೆ. ನಾನು ಮಾಡಿದ್ದು ಒಂದೇ ಒಂದು, ಮಾಡಿದ ಹಾಗೇ, ನಾನು ಇರುವವರೆಗೆ ಈ ಮನೆಯಲ್ಲಿ ಇರಬೇಕು ಎಂದು ಆಸೆಯಾಯಿತು. ಅದು ಯಾರೂ ನನ್ನಿಂದ ಕೇಳದ ವಸ್ತುವೇ ಆಗಿರಲಿ ಎಂದೂ ಅನಿಸಿತು.

ಮೊದಲ ವಾರ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿದೆ. ಎರಡನೆಯ ವಾರ ಹಸಿರು ಬಣ್ಣ. ಬಣ್ಣಕ್ಕೆ ನೀರು ಸಾಲದೆ ದೋಸೆ ಹಿಟ್ಟಿನಷ್ಟು ಗಟ್ಟಿಯಾಗಿ ಬಳಿದುಬಿಟ್ಟೆ. ಮೈಮೇಲಿನ ಸಣ್ಣ ಸಣ್ಣ ಮೊಳೆಗಳೆಲ್ಲ ಮುಚ್ಚಿಹೋದವು. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಎರಡು ದಿನ ತಿಕ್ಕಿ, ಮತ್ತೆ ತೆಳ್ಳಗೆ ಮೂರು ಸಲ ಹಚ್ಚಿದೆ. ಬಣ್ಣವೇನೋ ಕೂತಿತು. ಆದರೆ ಹಳತು ಮಾಡುವ ಕೆಲಸವೇ ಬರಲಿಲ್ಲ. ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ ಮೈಗೆಲ್ಲ ಬಳಿದರೆ ಟ್ಯಾಂಕು ಹಳೆಯದಾಗಲಿಲ್ಲ, ಸಾಂಬಾರಿಗೆ ಬಿದ್ದೆದ್ದ ಹಾಗಾಯಿತು. ಫೋಟೋ ತೆಗೆದು ಇಂಥದನ್ನೇ ಮಾಡುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು, "ಮೇಡಂ, ಬೇಸಿಕ್ಸ್ ಕಲಿತು ಆಮೇಲೆ ಪೋಸ್ಟ್ ಮಾಡಿ" ಎಂದು ಬರೆದರು. ಗಣಿತದ ಟೀಚರಿಗೆ ಬೇಸಿಕ್ಸ್ ಹೇಳುವ ಧೈರ್ಯ! ಗುಂಪಿನಿಂದ ಹೊರಗೆ ಬಂದೆ. ಕಲಿಯುವುದನ್ನು ಬಿಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊದಲನೆಯ ಭಾನುವಾರ ಗಂಡನನ್ನು ಹೊರಡಿಸಿಕೊಂಡು ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಬಸ್ಸು ಹತ್ತಿದೆ. ನಮ್ಮ ಕಡೆಯವರಿಗೆ ಹಳೇಬೀಡು ಬೇಲೂರು ಎಂದರೆ ನೆಂಟರು ಬಂದಾಗ ತೋರಿಸುವ ಜಾಗ. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಶಿಲ್ಪ ನೋಡಿ ಬಂದಿದ್ದೆ. ಈ ಸಲ ಕೊಳೆ ನೋಡಲು ಹೋದೆ. ಗೋಡೆಯ ಕೆಳಸಾಲಿನಲ್ಲಿ ಆನೆಗಳಿವೆಯಲ್ಲ, ಅವುಗಳ ಮುಂದೆ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತೆ. ಜನರ ಕೈ ತಾಗಿ ತಾಗಿ ಕುಂಭಸ್ಥಳ ನುಣ್ಣಗಾಗಿದೆ. ಕಾಲುಗಳ ನಡುವೆ, ಯಾರ ಬೆರಳೂ ಹೋಗದ ಕಡೆ, ಕಪ್ಪು ಕೂತಿದೆ. ಮಳೆ ಇಳಿದ ಕಡೆ ಉದ್ದಕ್ಕೆ ಗೆರೆ. ಹಳತನ ಎನ್ನುವುದು ಎಲ್ಲ ಕಡೆಗೂ ಸಮನಾಗಿ ಬಳಿದ ಬಣ್ಣವಲ್ಲ, ಒಂದೊಂದು ಕಡೆ ಒಂದೊಂದು ಕಾರಣಕ್ಕೆ ಕೂತಿರುತ್ತದೆ. ಇಷ್ಟನ್ನು ಯಾವ ವಿಡಿಯೋದವನೂ ನನಗೆ ಬಿಡಿಸಿ ಹೇಳಿರಲಿಲ್ಲ.

ಪಕ್ಕದಲ್ಲಿದ್ದ ಗೈಡ್ ಒಬ್ಬರು ತಡೆಯಲಾರದೆ, "ಮೇಡಂ, ಅಲ್ಲೇನಿಲ್ಲ, ಬರೀ ಪಾಚಿ. ಮೇಲ್ ನೋಡಿ, ಅದು ಮುಖ್ಯವಾದ ಶಿಲ್ಪ" ಎಂದರು.

"ನಂಗೆ ಪಾಚಿನೇ ಮುಖ್ಯ" ಎಂದೆ.

ನನ್ನ ಗಂಡ ನಾಚಿಕೊಂಡು ನಾಲ್ಕು ಹೆಜ್ಜೆ ಆಚೆಗೆ ಹೋಗಿ ನಿಂತರು. ಅಲ್ಲಿಂದ ಬೇಲೂರಿಗೂ ಹೋಗಿ, ಹೊಸ್ತಿಲುಗಳು ಎಲ್ಲಿ ಸವೆದಿವೆ ಎಂದು ಬಗ್ಗಿ ನೋಡಿದೆ. ವಾಪಸು ಬರುವಾಗ ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಇಳಿದು, ರಸ್ತೆ ಪಕ್ಕದ ಕೆಮ್ಮಣ್ಣನ್ನು ಒಂದು ಹಿಡಿ ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಮನೆಗೆ ಬಂದು ಆ ಮಣ್ಣನ್ನು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಅತ್ತೆ ಎರಡು ದಿನ ಟೀ ಮುಟ್ಟಲಿಲ್ಲ. ಹೊಸ ಜರಡಿ ತಂದುಕೊಟ್ಟ ಮೇಲೆ ಕುಡಿದರು. ಟ್ಯಾಂಕಿನ ಮೈಮೇಲಿದ್ದ ಕಂದು ಬಣ್ಣವನ್ನೆಲ್ಲ ಒರೆಸಿ ತೆಗೆದು, ಪಾತ್ರೆ ಉಜ್ಜುವ ಸ್ಪಂಜಿನ ಚೂರನ್ನು ಗಾಢ ಬಣ್ಣದಲ್ಲಿ ಅದ್ದಿ, ಸೈನಿಕರು ಹತ್ತಿ ಇಳಿಯುವ ಅಂಚುಗಳಲ್ಲಿ ಮಾತ್ರ ಮೆಲ್ಲಗೆ ಒತ್ತಿದೆ. ಬಣ್ಣ ಎದ್ದುಹೋದ ಹಾಗೆ ಕಾಣಿಸಿತು. ಸಂದಿಗಳಲ್ಲಿ ಕಪ್ಪು, ಮೊಳೆಗಳ ಕೆಳಗೆ ತುಕ್ಕಿನ ಗೆರೆ, ಚಕ್ರಗಳಲ್ಲಿ ಜಾವಗಲ್ಲಿನ ಮಣ್ಣು. ಕೊನೆಗೆ ಮೇಲೊಂದು ಕೋಟು ವಾರ್ನಿಶ್ ಹೊಡೆಯಬೇಕಿತ್ತು, ಆಗ ಮಣ್ಣು ಭದ್ರವಾಗಿ ಕೂರುತ್ತದೆ. ಎಲ್ಲಿ ಮಿಂಚಿಬಿಡುತ್ತದೋ ಎಂಬ ಹೆದರಿಕೆಗೆ ಹೊಡೆಯಲಿಲ್ಲ. ಕಲಿಯುವವಳ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೂ ಅದನ್ನು ಶೋಕೇಸಿನಲ್ಲಿಟ್ಟು ಹಿಂದೆ ಸರಿದು ನೋಡಿದಾಗ ಎದೆ ತುಂಬಿ ಬಂತು. ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ನನ್ನ ಮೇಲೆ ಹೆಮ್ಮೆಯಾಯಿತು.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ವಿಜ್ಞಾನದ ಟೀಚರು, "ಮೊಮ್ಮಕ್ಕಳು ಬರೋಕೆ ಮುಂಚೇನೇ ಆಟದ ಸಾಮಾನು ರೆಡಿ ಮಾಡ್ಕೊಂಡ್ರಾ?" ಎಂದರು.

"ಆಯುಧ ಪೂಜೆ ದಿನ ಸಾಯಂಕಾಲ ಕಡ್ಲೆಪುರಿ ತಿನ್ನೋಕೆ ಬನ್ನಿ. ನೋಡಿಬಿಟ್ಟು ಆಮೇಲೆ ನಗಿ" ಎಂದೆ.

ಆಯುಧ ಪೂಜೆಯ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ಲಟ್ಟಿಸುತ್ತಿದ್ದೆ. ನಮ್ಮಲ್ಲಿ ಆವತ್ತು ಮನೆಯ ಗಾಡಿ, ಕುಡುಗೋಲು, ಸ್ಪ್ಯಾನರ್, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ಪೂಜೆಗೆ ಇಟ್ಟ ಹತಾರವನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಅವಕ್ಕೆ ಆವತ್ತು ರಜೆ. ತೊಳೆಯುವ ಕೆಲಸ ಅತ್ತೆಯದು. ಹಿತ್ತಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಗಂಡನ ಸ್ಪ್ಯಾನರುಗಳು ಎಂದುಕೊಂಡೆ.

ನೈವೇದ್ಯದ ತಟ್ಟೆ ಹಿಡಿದು ಹಾಲಿಗೆ ಬಂದವಳು ಅಲ್ಲೇ ನಿಂತೆ. ಮಣೆಯ ಮೇಲೆ ಸ್ಪ್ಯಾನರುಗಳ ಸಾಲು, ಕುಡುಗೋಲು, ತೆಂಗಿನಕಾಯಿ ಸುಲಿಯುವ ಕಬ್ಬಿಣ, ಪಕ್ಕದಲ್ಲಿ ನನ್ನ ಬಣ್ಣದ ಬ್ರಷ್ಷುಗಳು. ಎಲ್ಲದರ ನಡುವೆ ನನ್ನ ಟ್ಯಾಂಕು. ಹಸಿರಾಗಿ, ಲಕಲಕ ಎನ್ನುತ್ತಿತ್ತು. ಮಣ್ಣಿಲ್ಲ. ಇದ್ದಬದ್ದ ತುಕ್ಕೂ ಮಾಸಲು ಕಲೆಯಾಗಿ ಉಳಿದಿತ್ತು. ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತೋಪಿನ ತುದಿಗೊಂದು ಚೆಂಡು ಹೂ. ಚಕ್ರದ ಕೆಳಗೆ ಒಂದು ಪುಟ್ಟ ನಿಂಬೆಹಣ್ಣು ಕೂಡ!

"ಅತ್ತೆ, ಏನ್ ಮಾಡ್ಬಿಟ್ರಿ ಇದನ್ನ?"

"ತೊಳ್ದೆ ಕಣೇ. ಹಬ್ಬದ ದಿನ ಗಾಡಿ ಹಂಗಾ ಇಟ್ಕೊಳೋದು? ಸೀಗೆಪುಡಿ ಹಾಕಿ ಹಳೇ ಹಲ್ಲುಜ್ಜೋ ಬ್ರಷ್ನಾಗೆ ತಿಕ್ದೆ. ಎಷ್ಟ್ ಹೊಲಸಿತ್ತು ಅಂತೀಯ."

ತಟ್ಟೆಯನ್ನು ಕುಕ್ಕಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಎರಡು ತಿಂಗಳ ಕೆಲಸ ಎಂದೆ, ಕೇಳಿ ಮುಟ್ಟಬೇಕಿತ್ತು ಎಂದೆ. ಗಂಡ "ಹೋಗ್ಲಿ ಬಿಡೇ, ಗೊತ್ತಿಲ್ದೆ ಮಾಡಿದಾರೆ" ಎಂದಾಗ ಅವರ ಮೇಲೂ ಹರಿಹಾಯ್ದೆ. ಅತ್ತೆಯ ಮುಖ ಸಣ್ಣದಾಯಿತು.

"ಆಟದ ಸಾಮಾನು ಅನ್ಕೊಂಡಿದ್ರೆ ಅಲ್ಲೇ ಬುಟ್ಟಿರ್ತಿದ್ದೆ ಕಣೇ. ಗಾಡಿ ಅಂತ ಲೆಕ್ಕಕ್ಕಿಟ್ಟೇ ತೊಳ್ದಿದ್ದು" ಎಂದರು.

ಆ ಮಾತು ನನಗೆ ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಅದನ್ನು ಗಾಡಿ ಎಂದು ಮೊದಲು ಒಪ್ಪಿಕೊಂಡವರು ಅವರೇ. ಆದರೆ ಪ್ರೀತಿಯಿಂದ ಒರೆಸಿದರೂ ಒರೆಸಿದ್ದು ಒರೆಸಿದ್ದೇ. ಇಪ್ಪತ್ತೆರಡು ವರ್ಷದಿಂದ ಬೋರ್ಡು ಒರೆಸಿದವರಿಗೂ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಸಾಯಂಕಾಲ ಐದೂವರೆಗೆ ಸ್ಟಾಫ್ ರೂಮಿನವರು ಬರುತ್ತಾರೆ, ಬಂದು ಅಂಗಡಿಯಲ್ಲಿ ಸಿಗುವಂಥ ಹಸಿರು ಬೊಂಬೆಯನ್ನು ನೋಡಿ ನಗುತ್ತಾರೆ. ಅದು ನನ್ನಿಂದ ಆಗುವುದಿಲ್ಲ ಎಂದುಕೊಂಡೆ.

ಮಂಗಳಾರತಿ ಆಯಿತು, ಊಟವಾಯಿತು. ಕೈ ತೊಳೆದುಕೊಂಡು ಬಂದವಳೇ ಮಣೆಯ ಮೇಲಿಂದ ಟ್ಯಾಂಕನ್ನೂ ಬ್ರಷ್ಷುಗಳನ್ನೂ ಎತ್ತಿಕೊಂಡೆ.

"ಏಯ್, ಮುಟ್ಬ್ಯಾಡ!" ಅತ್ತೆ ಕೂತಲ್ಲಿಂದಲೇ ಕೂಗಿದರು. "ಪೂಜೆಗೆ ಕೂತಿರೋ ಹತಾರ ಅದು. ಇವತ್ತು ಕೆಲ್ಸ ಮಾಡಿಸ್ಬಾರ್ದು."

"ನಿಮ್ಮ ಮಗನ ಸ್ಪ್ಯಾನರಿಗೆ ರಜಾ ಅತ್ತೆ. ಬೆಳಗ್ಗೆಯಿಂದ ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು, ಸೌಟಿತ್ತು. ನೀವು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವಾದ್ರೂ ನಿಮ್ಮ ಸೌಟು ಪೂಜೆಗೆ ಕೂತು ರಜಾ ತಗೊಂಡಿದ್ಯಾ? ಅದಕ್ಕಿಲ್ಲದ ಶಾಸ್ತ್ರ ಈ ಬ್ರಷ್ಷಿಗೂ ಬೇಡ."

ಅವರು ಎದ್ದು ಒಳಗೆ ಹೋದರು. ನಾನು ಹಾಲಿನ ನಡುವೆಯೇ, ಮಣೆಯ ಮುಂದೆಯೇ, ಹಳೇ ಪೇಪರ್ ಹಾಸಿಕೊಂಡು ಕೂತೆ. ಊದುಬತ್ತಿಯ ವಾಸನೆಗೆ ಟರ್ಪೆಂಟೈನ್ ಸೇರಿಕೊಂಡಿತು. ಕೋಪ ಇನ್ನೂ ಇಳಿದಿರಲಿಲ್ಲ, ಆದರೆ ಎಲ್ಲಿ ಏನು ಹಚ್ಚಬೇಕು ಎಂದು ಕೈಗೆ ಗೊತ್ತಿತ್ತು. ಹತ್ತಿರದಿಂದ ನೋಡಿದರೆ ಅತ್ತೆಯ ಹಲ್ಲುಜ್ಜುವ ಬ್ರಷ್ಷು ಅಂಚುಗಳಲ್ಲಿ ಬಣ್ಣವನ್ನು ನಿಜವಾಗಿಯೇ ಎಬ್ಬಿಸಿತ್ತು. ನಾನು ಸ್ಪಂಜಿನಲ್ಲಿ ನಟಿಸಿದ್ದನ್ನು ಅವರು ಸೀಗೆಪುಡಿಯಲ್ಲಿ ಮಾಡಿಯೇಬಿಟ್ಟಿದ್ದರು. ಅದನ್ನು ಹಾಗೇ ಬಿಟ್ಟೆ. ಅವರಿಗೆ ಮಾತ್ರ ಹೇಳಲಿಲ್ಲ. ಸಂದಿಗೆ ಇಳಿದಿದ್ದ ವಿಭೂತಿಯನ್ನೂ ತೆಗೆಯಲಿಲ್ಲ, ಧೂಳಿಗೆ ಅದಕ್ಕಿಂತ ಒಳ್ಳೆಯ ಬಣ್ಣ ಎಲ್ಲಿ ಸಿಗುತ್ತದೆ? ಹಣೆಯ ಕುಂಕುಮವನ್ನು ಕಂದು ಬಣ್ಣದ ಜೊತೆ ಕಲಸಿ ಮೊಳೆಗಳಿಂದ ಕೆಳಕ್ಕೆ ಎಳೆದಾಗ ಅಸಲಿ ತುಕ್ಕಾಯಿತು. ಡಬ್ಬಿಯಲ್ಲಿ ಉಳಿದಿದ್ದ ಜಾವಗಲ್ಲಿನ ಮಣ್ಣನ್ನೆಲ್ಲ ಚಕ್ರಕ್ಕೆ ಮೆತ್ತಿದೆ. ಈ ಸಲ ವಾರ್ನಿಶ್ಶನ್ನೂ ಮರೆಯಲಿಲ್ಲ. ಒಣಗಿದ ಮೇಲೆ ಮತ್ತೆ ಮಣೆಯ ಮೇಲಿಟ್ಟೆ.

ಐದೂವರೆಗೆ ಅವರೆಲ್ಲ ಬಂದರು. ಕಡ್ಲೆಪುರಿ ತಟ್ಟೆ ಹಿಡಿದುಕೊಂಡು ಮಣೆಯ ಸುತ್ತ ನಿಂತರು. ವಿಜ್ಞಾನದ ಟೀಚರು "ಅಯ್ಯೋ, ಇದೆಲ್ಲಿಂದ ಅಗೆದು ತಂದ್ರಿ?" ಎಂದವರು ಸೆರಗಿನ ತುದಿ ಹಿಡಿದು ಒರೆಸಲು ಬಗ್ಗಿದರು.

"ಕೈ ತೆಗೀರಿ" ಎಂದೆ. "ಅದು ಧೂಳಲ್ಲ. ಅದೇ ನಾನು ಮಾಡಿದ್ದು."

ಅವರು ಕೈ ತೆಗೆದರು. ಆಮೇಲೆ ಕನ್ನಡಕ ಏರಿಸಿಕೊಂಡು ಚಕ್ರದ ಸಂದಿಗಳನ್ನು ಒಂದೊಂದಾಗಿ ನೋಡಿದರು. ನಗಲಿಲ್ಲ.

ಅವರು ಹೋದ ಮೇಲೆ ನನ್ನ ಗಂಡ ಟಿವಿ ಹಾಕಿಕೊಂಡು, "ರಾತ್ರಿಗೆ ಏನಮ್ಮಾ?" ಎಂದು ತಾಯಿಯನ್ನು ಕೂಗಿ ಕೇಳಿದರು.

ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿ ಅವರ ದೊಡ್ಡ ಸೌಟಿತ್ತು, ಮದುವೆಯಾಗಿ ಬಂದಾಗಿನಿಂದ ಬಳಸಿದ್ದು, ಒಂದು ಕಡೆ ಅಂಚು ಸವೆದು ಓರೆಯಾಗಿರುವುದು. ಅದನ್ನು ತೊಳೆದಿದ್ದರು. ಮಣೆಯ ಹತ್ತಿರ ಕೂತು ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ ನನ್ನ ಟ್ಯಾಂಕಿನ ಪಕ್ಕದಲ್ಲಿ ಮಲಗಿಸಿದರು. ಟ್ಯಾಂಕನ್ನು ಮುಟ್ಟಲಿಲ್ಲ.

"ನಂದೂ ಪೂಜೆಗೆ ಕೂತೈತೆ ಕಣಪ್ಪ" ಎಂದರು ಮಗನಿಗೆ. "ನಾಳೆವರ್ಗೂ ಮುಟ್ಟಂಗಿಲ್ಲ. ಹೋಟ್ಲಿಂದ ಏನಾರ ತಗಂಬಾ."

ನನ್ನ ಗಂಡ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಎದ್ದು ಗೋಡೆಯ ಮೊಳೆಯಿಂದ ಸ್ಕೂಟರಿನ ಬೀಗದ ಕೈ ತೆಗೆದುಕೊಂಡರು.

"ಅದನ್ನೂ ಇಡು" ಎಂದರು ಅತ್ತೆ. "ಸ್ಕೂಟ್ರಿಗೂ ಇವತ್ತು ರಜಾ. ನಡ್ಕಂಡ್ ಹೋಗ್."