ಸಕ್ಕರೆ ಡಬ್ಬದ ಪಕ್ಕ ಒಂದು ಬೆರಳು ಜಾಗ

ಅತ್ತೆ, ಆ ಗೌರಿ ಹಬ್ಬದ ದಿನ ಪಾಯಸಕ್ಕೆ ಉಪ್ಪು ಬಿದ್ದದ್ದು ನಿಮ್ಮ ತಪ್ಪಿನಿಂದಲ್ಲ. ಡಬ್ಬಗಳನ್ನು ಅದಲುಬದಲು ಮಾಡಿದವಳು ನಾನು, ನಿಮ್ಮ ಸೊಸೆ. ಬೇಕೆಂದೇ ಮಾಡಿದೆ. ನೀವು ಓದಲಾರಿರಿ, ಹಾಗಾಗಿ ಇದನ್ನು ನಾನೇ ನಿಮ್ಮೆದುರು ಕೂತು ಓದಬೇಕು. ಬರೆದ ಹಾಳೆ ಕೈಯಲ್ಲಿಲ್ಲದಿದ್ದರೆ ನಡುವೆ ಎಲ್ಲಾದರೂ ಮಾತು ತಿರುಗಿಸಿಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಏರ್‌ಪೋರ್ಟ್ ರಸ್ತೆಗೆ ಫ್ಲೈಓವರ್ ಕಟ್ಟುತ್ತಿದ್ದ ಕಾಲ. ಕೊಡಿಗೇಹಳ್ಳಿಯ ನಮ್ಮ ಹೆಂಚಿನ ಮನೆ ಕೆಡವಿ ಈ ಮನೆ ಕಟ್ಟಿಸುವ ಹೊತ್ತಿಗೆ ನಿಮ್ಮ ಕಣ್ಣಿಗೆ ನೆರಳಿಗಿಂತ ಹೆಚ್ಚೇನೂ ಕಾಣುತ್ತಿರಲಿಲ್ಲ. ಹೊಸ ಅಡುಗೆಮನೆಗೆ ಉದ್ದುದ್ದ ಡ್ರಾಯರುಗಳು ಬಂದವು. ಒಳಗೆ ಒಂದೇ ಅಳತೆಯ ಸ್ಟೀಲ್ ಡಬ್ಬಗಳು. ಎಳೆದರೆ ಸಾಕು, ಎಲ್ಲ ಜಾರಿ ಕಲಸಿಹೋಗುತ್ತಿದ್ದವು. ನೀವು ಬಡಗಿ ನಾಗರಾಜಪ್ಪನವರನ್ನು ಕರೆಸಿದಿರಿ. ಅವರು ಟೇಪು ಬಿಚ್ಚಿದಾಗ, "ಅದನ್ನ ಜೇಬಿಗಾಕ್ಕೊ ನಾಗರಾಜ, ನನ್ ಬೆರಳಲ್ಲಿ ಅಳಿ" ಅಂದಿರಿ. ಅವರು ನಿಮ್ಮ ಕೈಯನ್ನು ಡ್ರಾಯರಿನೊಳಗೆ ಇಡಿಸಿ, ಬೆರಳ ಪಕ್ಕದಲ್ಲಿ ಪೆನ್ಸಿಲ್ ಗೀಟೆಳೆದರು. ತೇಗದ ತೆಳು ಪಟ್ಟಿಗಳನ್ನು ಕೊಯ್ದು, ನುಣ್ಣಗೆ ಉಜ್ಜಿ, ಒಂದಕ್ಕೊಂದು ಸಿಕ್ಕಿಸಿ ಕೂರಿಸಿದರು. ಸಕ್ಕರೆ ಡಬ್ಬದ ಪಕ್ಕ ಒಂದು ಬೆರಳು ಹಿಡಿಯುವಷ್ಟು ಜಾಗ, ಉಪ್ಪಿನ ಡಬ್ಬದ ಪಕ್ಕ ಎರಡು ಬೆರಳು, ಖಾರದ ಪುಡಿಗೆ ಮೂರು. ಎರಡೇ ದಿನದಲ್ಲಿ ನಿಮ್ಮ ಕೈ ಆ ಡ್ರಾಯರಿನಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿ ಓಡಾಡತೊಡಗಿತು.

ನನಗೆ ಹೊಟ್ಟೆ ಉರಿಯಿತು. ಕಣ್ಣು ಹೋದ ಮೇಲಾದರೂ ಅಡುಗೆಮನೆ ನನ್ನ ಕೈಗೆ ಬರುತ್ತದೆ ಎಂದು — ಹೌದು, ಇಷ್ಟು ಕೆಟ್ಟದಾಗಿಯೇ — ಅಂದುಕೊಂಡಿದ್ದೆ. ಮದುವೆಯಾಗಿ ಆರು ವರ್ಷವಾದರೂ ಹಬ್ಬದ ದಿನ ನನ್ನ ಪಾಲಿಗೆ ಬರುತ್ತಿದ್ದದ್ದು ಕಾಯಿ ತುರಿಯುವ ಕೆಲಸ ಮಾತ್ರ.

ಆ ಗೌರಿ ಹಬ್ಬದ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಸಕ್ಕರೆ, ಉಪ್ಪು ಎರಡೂ ಡಬ್ಬ ಎತ್ತಿ, ಅದರ ಜಾಗದಲ್ಲಿ ಇದು, ಇದರ ಜಾಗದಲ್ಲಿ ಅದು. ಅಷ್ಟೇ. ಬೇರೆ ದಿನವಾಗಿದ್ದರೆ ನೀವು ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡುತ್ತಿದ್ದಿರಿ. ಆದರೆ ನೈವೇದ್ಯಕ್ಕೆ ಮುಂಚೆ ನಮ್ಮಲ್ಲಿ ಯಾರೂ ರುಚಿ ನೋಡುವುದಿಲ್ಲ. ಅದು ಗೊತ್ತಿದ್ದೇ ಹಬ್ಬದ ದಿನವನ್ನು ಆರಿಸಿಕೊಂಡಿದ್ದೆ. ದೇವರಿಗೂ ಅದನ್ನೇ ಇಟ್ಟಿರಿ, ಹಬ್ಬಕ್ಕೆ ಬಂದಿದ್ದ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಅದನ್ನೇ ಬಡಿಸಿದಿರಿ. ಚಿಕ್ಕ ಅಳಿಯ ಕೆಮ್ಮಿ ನೀರು ಕುಡಿದರು. "ಅಮ್ಮಾ, ಉಪ್ಪು ಹಾಕ್ಬಿಟ್ಟಿದ್ಯಲ್ಲಮ್ಮಾ" ಅಂದರು ನಿಮ್ಮ ದೊಡ್ಡ ಮಗಳು.

ಇದಕ್ಕಿಂತ ದೊಡ್ಡ ಪಾಪ ಆಮೇಲಿನದು. ಎಲೆ ಎತ್ತುವ ಗಲಾಟೆಯಲ್ಲಿ ಡಬ್ಬಗಳನ್ನು ಮತ್ತೆ ಅವುಗಳ ಜಾಗಕ್ಕೇ ಇಟ್ಟುಬಿಟ್ಟೆ. ನೀವು ಒಳಗೆ ಬಂದು ಡ್ರಾಯರು ಎಳೆದಿರಿ. ಪಕ್ಕದ ಜಾಗಕ್ಕೆ ಬೆರಳಿಟ್ಟಿರಿ, ಮುಚ್ಚಳ ತೆಗೆದು ನಾಲಿಗೆಗೆ ಹಚ್ಚಿಕೊಂಡಿರಿ. ಉಪ್ಪು ಉಪ್ಪಿನ ಜಾಗದಲ್ಲಿ, ಸಕ್ಕರೆ ಸಕ್ಕರೆಯ ಜಾಗದಲ್ಲಿ. ನಾನು ಬಾಗಿಲಲ್ಲೇ ನಿಂತಿದ್ದೆ. ಆಗ ಒಂದು ಮಾತು ಆಡಿದ್ದರೆ —

"ಇನ್ಮೇಲೆ ನೀನೇ ನೋಡ್ಕೊಳಮ್ಮ ಮಂಜುಳಾ. ನನ್ ಕೈನ ನಾನೇ ನಂಬಂಗಿಲ್ಲ" ಅಂದಿರಿ ನೀವು.

ನನಗೆ ಬೇಕಾಗಿದ್ದು ಸಿಕ್ಕಿತು. ತಿಂಗಳೊಳಗೆ ಆ ಮರದ ಪಟ್ಟಿಗಳನ್ನು ಕಿತ್ತು ಎಸೆದು ಪ್ಲಾಸ್ಟಿಕ್ ಟ್ರೇ ತಂದಿಟ್ಟೆ. ಆದರೆ ನೀವು ಅಡುಗೆಮನೆ ಒಂದನ್ನೇ ಬಿಡಲಿಲ್ಲವಲ್ಲ ಅತ್ತೆ. ಸೀರೆಯ ನೆರಿಗೆ ಸರಿಯಿದೆಯಾ ಎಂದು ಕೇಳತೊಡಗಿದಿರಿ. ಚಿಲಕ ಹಾಕಿ ಬಂದು, ಹಾಕಿದ್ದೀನಾ ನೋಡು ಅನ್ನುತ್ತಿದ್ದಿರಿ. ಮೊಮ್ಮಗಳಿಗೆ ಜಡೆ ಹೆಣೆಯುವುದನ್ನೂ ನಿಲ್ಲಿಸಿಬಿಟ್ಟಿರಿ. ಹೀಗೆಯೇ ಏಳು ವರ್ಷ ಕಳೆಯಿತು, ನಾನು ನೋಡುತ್ತಲೇ ಇದ್ದೆ.

ಮೊನ್ನೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. "ಉಳ ಏನಾರ ಉಳ್ಕಂಡಿದ್ಯಾ ನೋಡಮ್ಮ" ಎಂದು ಮೊರವನ್ನು ನನ್ನ ಕಡೆ ತಳ್ಳಿದಿರಿ. ಕಾಳನ್ನೆಲ್ಲ ಹರಡಿ ನೋಡಿದೆ. ಒಂದೇ ಒಂದು ಹುಳುಕಿಲ್ಲ. ಎರಡು ಕಣ್ಣಿದ್ದೂ ನಾನು ಸುಲಿದು ಹಾಕಿದ ಪಾತ್ರೆಯಲ್ಲಿ ಮೂರು ಸಿಕ್ಕವು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇಷ್ಟು ಚೆನ್ನಾಗಿರುವ ಕೈಯನ್ನು ಕೆಟ್ಟಿದೆ ಎಂದು ನಂಬಿಸಿದವಳು ನಾನು —

ಅಂದೇ ನಾಗರಾಜಪ್ಪನವರಿಗೆ ಫೋನ್ ಮಾಡಿ, ಡ್ರಾಯರಿಗೆ ಮತ್ತೆ ಆ ಮರದ ಪಟ್ಟಿ ಕೂರಿಸಿಕೊಡಿ ಎಂದೆ. "ಹಳೇ ಅಳತೆ ಎಲ್ಲೈತಮ್ಮ ಈಗ? ಅಮ್ಮಾರ ಕೈನೇ ಬೇಕು" ಅಂದರು. ಭಾನುವಾರ ಬರುತ್ತಾರೆ. ಅದಕ್ಕೆ ಮುಂಚೆ ಶನಿವಾರ ನಿಮ್ಮ ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ಊಟಕ್ಕೆ ಕರೆದಿದ್ದೇನೆ. ಹಬ್ಬದ ದಿನ ಆ ಪಾಯಸ ತಿಂದವರೆಲ್ಲರ ಮುಂದೆಯೇ ಇದನ್ನು ಓದುತ್ತೇನೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ನನ್ನ ಜೊತೆ ಮಾತು ಬಿಟ್ಟರೂ ಸರಿ ಅತ್ತೆ — ಭಾನುವಾರ ಮಾತ್ರ ಅಡುಗೆಮನೆಗೆ ಬಂದು, ಅವರಿಗೆ ನಿಮ್ಮ ಕೈ ಅಳತೆ ಕೊಡಿ.